ನೆಗಡಿ ಬಂತಂತ ಮೂಗು ಕೊಯ್ಕೋಬ್ಯಾಡ್ರಿ, ಮೂಗು ಕಟ್ಟೇತಂತ ಸುಮ್ಮನೂ ಕುಂದರಬ್ಯಾಡ್ರಿ



ನಾನು ಏಳನೇ ಇಯತ್ತೆ ಕಲಿತವನು. ಹೊಲ ಮಾಡುವುದು, ಭಜನೆಯಲ್ಲಿ ಪದ ಹಾಡುವುದು, ಇವೆರಡೇ ನನಗೆ ಗೊತ್ತಿರುವ ಕೆಲಸ. ವಾಚನಾಲಯದ ಹುಡುಗರು ಬಂದು, "ಕಾಕಾ, ನಮ್ಮ ಪುಸ್ತಕಕ್ಕ ಹಳೀ ಪದಗಳ ಬಗ್ಗೆ ಏನಾದ್ರೂ ಬರದ ಕೊಡ್ರಿ" ಅಂದರು. ಬರೆಯಲಿಕ್ಕೆ ಕುಂತೆ, ಆಗಲಿಲ್ಲ. ನನ್ನ ಹೊಟ್ಟೆಯಲ್ಲಿರುವ ಸಿಟ್ಟು ಬೇರೆ. ಅದು ಮೂಗಿನ ಸಲುವಾಗಿ ಬಂದ ಸಿಟ್ಟು. ನಗಬೇಡಿರಿ. ಪೂರಾ ಓದಿ ಆಮೇಲೆ ನಗಿರಿ.

ನಮ್ಮ ಮಂದಿಗೆ ಹೊರಗಿನ ಮೂಗಿನ ಮೇಲೆ ಎಷ್ಟು ಅಭಿಮಾನ! ಮಾನ ಹೋದರೆ "ಮೂಗು ಕೊಯ್ದಂಗಾತು" ಅನ್ನುತ್ತೇವೆ. ಲಕ್ಷ್ಮಣ ಶೂರ್ಪನಖಿಗೆ ಕೊಟ್ಟ ಶಿಕ್ಷೆಯೂ ಅದೇ. ಹಿಂದಿನ ಕಾಲದಲ್ಲಿ ಮೂಗು ಕೊಯ್ಯುವವರು ಬಹಳ ಇದ್ದರು, ಅದಕ್ಕೇ ಮೂಗು ಕಟ್ಟಿ ಕೊಡುವ ವೈದ್ಯವೂ ನಮ್ಮಲ್ಲೇ ಹುಟ್ಟಿತು. ಸುಶ್ರುತನ ಗ್ರಂಥದಲ್ಲಿ ಕೆನ್ನೆಯ ಚರ್ಮ ತಿರುವಿ ಮೂಗು ಮಾಡುವ ರೀತಿ ಇದೆಯೆಂದು ನಮ್ಮ ಮಾಸ್ತರು ಓದಿ ಹೇಳಿದರು. ಇಂಗ್ಲೀಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕೋವಾಸಜಿ ಎಂಬ ಮರಾಠಾ ರೈತ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು, ಒಂದು ಕೈ ಎರಡೂ ಕಳಕೊಂಡ. ಪುಣೆಯ ಕಡೆ ಒಬ್ಬ ಸಾದಾ ಕಸಬಿನ ಮನುಷ್ಯ ಅವನ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿಕೊಟ್ಟ. ಆ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಮೇತ ಅಚ್ಚಾಗಿ, ಬಿಳಿ ಡಾಕ್ಟರರು ನೋಡಿ ಕಲಿತರಂತೆ. ಇದನ್ನು ಹೇಳುವಾಗ ನಮ್ಮ ಎದೆ ಉಬ್ಬುತ್ತದೆ. ಉಬ್ಬಲಿ. ಆದರೆ ಮೂಗಿನ ಒಳಗೆ ಏನಿದೆ ಅಂತ ಕೇಳಿದರೆ ನಮಗೆ ಗೊತ್ತಿರುವುದು ಸಿಂಬಳ ಒಂದೇ.

ಈಗ ನನ್ನ ಕಥೆ. ಒಣ ಹೊಲದ ಧೂಳು, ಜೋಳದ ರಾಶಿಯ ಸುಂಕು, ದ್ರಾಕ್ಷಿಗೆ ಹೊಡೆಯುವ ಔಷಧಿ, ಒಣದ್ರಾಕ್ಷಿ ಶೆಡ್ಡಿನ ಗಂಧಕದ ಹೊಗೆ, ಇವುಗಳಲ್ಲೇ ನಲವತ್ತು ವರ್ಷ ಕಳೆದೆ. ಮೂಗು ಮೊದಲು ಮಳೆಗಾಲಕ್ಕೆ ಕಟ್ಟುತ್ತಿತ್ತು. ಆಮೇಲೆ ವರ್ಷವಿಡೀ ಕಟ್ಟಿತು. ಬಾಯಿಂದ ಉಸಿರು, ರಾತ್ರಿ ಗೊರಕೆ, ಬೆಳಗಾದರೆ ಗಂಟಲು ಒಣ. ವಾಸನೆ ಯಾವಾಗ ಹೋಯಿತೋ ನನಗೇ ತಿಳಿಯಲಿಲ್ಲ. ಕಣ್ಣು ಹೋದರೆ ಅದೇ ದಿನ ತಿಳಿಯುತ್ತದೆ. ಮೂಗು ಹೋಗುವುದು ಹಂಗಲ್ಲ, ಕಳ್ಳ ಹೋದಂಗೆ ಸದ್ದಿಲ್ಲದೆ ಹೋಗುತ್ತದೆ.

ಒಂದು ದಿನ ಪೇಟೆಯಿಂದ ಹಿಂಡಿಯ ಚೀಲ, ಬೆಳೆಗೆ ಹೊಡೆಯುವ ಔಷಧಿ ಎರಡನ್ನೂ ಒಂದೇ ಗಾಡಿಯಲ್ಲಿ ತಂದೆ. ಡಬ್ಬಿಯ ಮುಚ್ಚಳ ಸಡಿಲಾಗಿ ಔಷಧಿ ಚೀಲದ ಒಂದು ಮೂಲೆಗೆ ಇಳಿದಿತ್ತು. ಹೆಂಡತಿ ತವರಿಗೆ ಹೋಗಿದ್ದಳು. ಸಂಜೆ ಹೊತ್ತು, ಮಬ್ಬುಗತ್ತಲೆ. ನಾನೇ ಚೀಲ ಬಿಚ್ಚಿದೆ, ನಾನೇ ಕೈಯಾಡಿಸಿ ಕಲಿಸಿದೆ, ನಾನೇ ಎಮ್ಮೆಯ ಮುಂದೆ ಇಟ್ಟೆ. ಎಮ್ಮೆ ಒಮ್ಮೆ ಮೂಸಿ ಮುಖ ತಿರುವಿತು. "ಸೊಕ್ಕು ಬಂದೈತಿ ನಿನಗ" ಅಂತ ಬೈದು ಮತ್ತೆ ಇಟ್ಟೆ. ಹಸಿದಿತ್ತು, ತಿಂದಿತು. ರಾತ್ರಿಯೊಳಗೆ ಬಾಯಲ್ಲಿ ನೊರೆ ಬಂದು ಕಾಲು ಬಡಿದು ಸತ್ತಿತು. ಬೆಳಿಗ್ಗೆ ಪಕ್ಕದ ಮನೆಯವರು ಗ್ವಾದಲಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಮೂಗು ಮುಚ್ಚಿಕೊಂಡು, "ಏನಪಾ, ಔಷಧಿ ಚೆಲ್ಲೀಯೇನ?" ಅಂದರು. ಹತ್ತು ಹೆಜ್ಜೆ ದೂರದಿಂದ ಅವರಿಗೆ ಬಂದ ವಾಸನೆ, ಅದರಲ್ಲೇ ಕೈ ಅದ್ದಿದ ನನಗೆ ಬಂದಿರಲಿಲ್ಲ. ಎಮ್ಮೆಗೆ ಮೂಗು ಇತ್ತು. ಮೂಗಿಲ್ಲದವನ ಮಾತು ಕೇಳಿ ಅದು ಸತ್ತಿತು.

ಈಗ ಹೇಳಿರಿ, "ವಾಸನಿ ಹ್ವಾದ್ರ ಏನ ಹ್ವಾತು, ಕಣ್ಣು ಕಿವಿ ನೆಟ್ಟಗ ಅದಾವಲ್ಲ" ಅನ್ನುವವರು. ಈ ಮಾತನ್ನು ನಾನು ಕಟ್ಟೆಯ ಮೇಲೆ ನೂರು ಸಲ ಕೇಳಿದ್ದೇನೆ. ಬೂಸಲು ಹಿಡಿದ ಕಣಕಿ ಯಾವುದು, ಬಿಸಿ ಹಿಡಿದ ಜೋಳ ಯಾವುದು, ಕೆಟ್ಟ ಹಾಲು ಯಾವುದು, ರೈತ ಮೊದಲು ತಿಳಿಯುವುದು ಮೂಗಿನಿಂದ. ಮನೆಯ ತಾಯಂದಿರು ಕೇಳಿರಿ: ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಅಂತಲೇ ಅದಕ್ಕೆ ನಾತದ ಔಷಧಿ ಬೆರೆಸುತ್ತಾರೆ. ಮೂಗಿಲ್ಲದವರಿಗೆ ಆ ಎಚ್ಚರಿಕೆ ಇದ್ದೂ ಇಲ್ಲ. ಇನ್ನು ಊಟ. ನಾಲಿಗೆಗೆ ತಿಳಿಯುವುದು ಉಪ್ಪು, ಹುಳಿ, ಸಿಹಿ, ಕಹಿ ಇಂಥ ಕೆಲವೇ ರುಚಿ. ಶೇಂಗಾ ಹಿಂಡಿಗೂ ಗುರೆಳ್ಳು ಹಿಂಡಿಗೂ ಇರುವ ಫರಕು ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ಪರಿಮಳದ್ದು. ಮೂರು ವರ್ಷ ನಾನು ರೊಟ್ಟಿಯನ್ನು ಕಾಗದ ತಿಂದಂಗೆ ತಿಂದೆ. ಹೆಂಡತಿಯ ಕೈ ಕೆಟ್ಟಿತು ಅಂತ ಜಗಳ ತೆಗೆದೆ. ಅವಳ ಕೈ ಕೆಟ್ಟಿರಲಿಲ್ಲ.

ನನ್ನ ಮೊದಲ ಸಿಟ್ಟು ಮೆಡಿಕಲ್ ಅಂಗಡಿಯ ಸಣ್ಣ ಬಾಟ್ಲಿಯ ಮೇಲೆ. ಮೂಗು ಕಟ್ಟಿದಾಗ ಎರಡು ಹನಿ ಹಾಕಿದರೆ ಐದು ನಿಮಿಷದಲ್ಲಿ ಬಾಗಿಲು ತೆರೆದಂಗೆ ಆಗುತ್ತದೆ. ಈ ಹನಿ ಮೂರರಿಂದ ಐದು ದಿನಕ್ಕೆ ಮಾತ್ರ. ಅದರ ಮೇಲೆ ಹಾಕುತ್ತ ಹೋದರೆ ಮೂಗಿನ ಒಳಗಿನ ಚರ್ಮ ಅದಕ್ಕೇ ಹೊಂದಿಕೊಂಡು, ಹನಿ ಇಳಿದ ಕೂಡಲೇ ಮೊದಲಿಗಿಂತ ಹೆಚ್ಚು ಬಾಯುತ್ತದೆ. ಆಗ ಮತ್ತೆ ಹನಿ, ಮತ್ತೆ ಬಾವು. ನಾನು ಮೂರು ವರ್ಷ ಹಾಕಿದೆ. ಕಿಸೆಯಲ್ಲಿ ತಂಬಾಕಿನ ಚೀಲ ಬಿಟ್ಟರೂ ಆ ಬಾಟ್ಲಿ ಬಿಡುತ್ತಿರಲಿಲ್ಲ. ಅಂಗಡಿಯವನು ಒಂದು ದಿನವೂ "ಯಜಮಾನ್ರ, ಇದು ಎಷ್ಟನೇ ಬಾಟ್ಲಿ?" ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ. ತಪ್ಪು ಇಬ್ಬರದೂ.

ಎರಡನೇ ಸಿಟ್ಟು ನಮ್ಮ ಭಜನಾ ಮಂದಿಯ ಮೇಲೆ. "ಮೂಗಿನ ಆಪರೇಶನ್ ಮಾಡಿಸಿಕೊಂಡ್ರ ಧ್ವನಿ ಹೋಗ್ತೈತಿ, ಮಿದುಳಿನ ನೀರು ಸೋರ್ತೈತಿ" ಅಂತ ಹೆದರಿಸಿದರು. ಸಾಲಿಯಲ್ಲಿ ಕಲಿತ ಙ, ಞ, ಣ, ನ, ಮ ನೆನಪಿದೆಯೇ? ಈ ಅಕ್ಷರಗಳಿಗೆ ಉಸಿರು ಮೂಗಿನಿಂದ ಹೋಗಬೇಕು. ಮೂಗು ಪೂರಾ ಕಟ್ಟಿದರೆ "ಮನ" ಅನ್ನುವುದು "ಬದ" ಆಗುತ್ತದೆ, "ನಮ್ಮ" ಅನ್ನುವುದು "ದಬ್ಬ" ಆಗುತ್ತದೆ. ಮುಂದೆ ಕುಂತ ಹುಡುಗರು ನಗುತ್ತಿದ್ದರು. ಧ್ವನಿ ಆಗಲೇ ಹೋಗಿತ್ತು. ಇನ್ನು ಹೋಗುವುದೇನಿತ್ತು? ಅಪಾಯ ಅಂತೀರಿ, ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕಣ್ಣೂ ಮಿದುಳೂ ಮೂಗಿಗೆ ಹತ್ತಿರ ಇವೆ, ಅಪರೂಪಕ್ಕೆ ತೊಂದರೆ ಆಗುವುದುಂಟು. ಅದಕ್ಕೇ ಮೊದಲು ಸ್ಕ್ಯಾನ್ ತೆಗೆದು ನೋಡುತ್ತಾರೆ. ಹೊರಗೆ ಒಂದು ಗೀರೂ ಇಲ್ಲದೆ ಸಣ್ಣ ದುರ್ಬೀನು ಹಾಕಿ ಒಳಗೇ ಕೆಲಸ ಮಾಡುತ್ತಾರೆ.

ಎಮ್ಮೆ ಸತ್ತ ಮೇಲೆ ಪೇಟೆಯ ಒಂದು ದವಾಖಾನೆಗೆ ಹೋದೆ. ಹೆಸರು ಬೇಡ. ದುರ್ಬೀನಿನಲ್ಲಿ ನನ್ನ ಮೂಗಿನ ಒಳಗನ್ನು ನನಗೇ ತೋರಿಸಿದರು. ಸಿಪ್ಪೆ ತೆಗೆದ ದ್ರಾಕ್ಷಿಯಂಥ ಗಂಟುಗಳು, ಎರಡೂ ಕಡೆ ಗೊನೆಗೊನೆ. ಜನ್ಮವೆಲ್ಲ ದ್ರಾಕ್ಷಿ ಬೆಳೆದವನ ಮೂಗಿನಲ್ಲೂ ದ್ರಾಕ್ಷಿ! ಮೇಲೆ ನಡುವಿನ ಗೋಡೆಯೂ ಸೊಟ್ಟ ಇತ್ತು.

ಮೂರನೇ ಸಿಟ್ಟು ಇಲ್ಲಿಂದ ಸುರು. ಸಂತೆಯಲ್ಲಿ ದ್ರಾಕ್ಷಿ ಮಾರಲಿಕ್ಕೆ ನನ್ನ ಮರಾಠಿ ಸಾಕು. ಮೈಯೊಳಗಿನ ತ್ರಾಸು ಹೇಳಲಿಕ್ಕೆ ಅದು ಸಾಲದು. ಆಪರೇಶನ್ನಿಗೆ ಮೊದಲು ಒಬ್ಬ ಹುಡುಗ ಡಾಕ್ಟರು ಗಡಿಬಿಡಿಯಲ್ಲಿ ಬಂದು "ವಾಸ ಯೇತೋ ಕಾ?" ಅಂದ. ವಾಸನೆ ತಿಳಿಯುತ್ತದೆಯೋ ಅಂತ ಅವನು ಕೇಳಿದ್ದು. ನಿನ್ನ ಮೂಗು ನಾರುತ್ತದೆಯೋ ಅಂತ ಕೇಳಿದ ಅಂತ ನಾನು ತಿಳಿದೆ. ನಾಚಿಕೆಯಾಗಿ, "ಛೇ ಛೇ, ಅಂಥಾದ್ದೇನೂ ತಕರಾರಿಲ್ಲ ಸಾಹೇಬ್ರ" ಅಂದೆ. ಅವನು ತಕರಾರಿಲ್ಲ ಅಂತಲೇ ಬರಕೊಂಡು ಹೋದ. ಒಂದು ಎಮ್ಮೆಯನ್ನು ಕೊಂದ ರೋಗ ಕಾಗದದ ಮೇಲೆ ಬರಲೇ ಇಲ್ಲ. ಆಮೇಲೆ ನಾಲ್ಕು ಹಾಳೆ ತಂದರು. ಅರ್ಧ ಇಂಗ್ಲೀಷು, ಅರ್ಧ ಮರಾಠಿ. ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಪೆನ್ಸಿಲಿನ ಗುರುತು. ಓದಿ ಹೇಳಿದವರಿಲ್ಲ. ಭೂಮಿ ಬರೆದುಕೊಡುವಾಗ ಹತ್ತು ಮಂದಿಗೆ ತೋರಿಸುವ ನಾವು, ಮೈಯನ್ನು ಬರೆದುಕೊಡುವಾಗ ಒಬ್ಬರಿಗೂ ತೋರಿಸುವುದಿಲ್ಲ.

ಆಪರೇಶನ್ ಒಳ್ಳೆಯದಾಯಿತು, ಸುಳ್ಳು ಹೇಳಬಾರದು. ಉಸಿರು ಬಂತು. ಇಪ್ಪತ್ತು ದಿನಕ್ಕೆ ಹೆಂಡತಿ ಶೇಂಗಾ ಹುರಿಯುವಾಗ ಅಂಗಳದಲ್ಲಿ ಕುಂತವನಿಗೆ ವಾಸನೆ ಬಂತು. ಎದ್ದು ಒಲೆಯ ಮುಂದೆ ಹೋಗಿ ನಿಂತೆ. ಅವಳು, "ಯಾಕ, ಹಸದೀರೇನ?" ಅಂದಳು. ಬಾಯಿಂದ ಮಾತು ಹೊರಡಲಿಲ್ಲ.

ಆದರೆ ಮನೆಗೆ ಕಳಿಸುವಾಗ ಒಂದು ಸ್ಪ್ರೇ ಕೊಟ್ಟಿದ್ದರು. ಬಾಟ್ಲಿ ಮುಗಿಯಿತು, ಬಿಟ್ಟೆ. ಉಸಿರು ಬರುತ್ತಿದೆಯಲ್ಲ, ಇನ್ನು ಯಾಕೆ ಅಂತ. ದ್ರಾಕ್ಷಿಯಂಥ ಈ ಗಂಟು ಕೊಯ್ದರೂ ಮತ್ತೆ ಚಿಗುರುತ್ತದೆ, ಅದನ್ನು ತಡೆಯುವುದೇ ಈ ಸ್ಪ್ರೇ, ಇದು ಆ ಹಾಳು ಹನಿಯಂಥದ್ದಲ್ಲ, ಡಾಕ್ಟರು ಹೇಳುವ ತನಕ ಬಿಡಬಾರದು. ಇದೆಲ್ಲ ಚೀಟಿಯಲ್ಲಿ ಇಂಗ್ಲೀಷಿನಲ್ಲಿ ಇತ್ತು. ವರ್ಷದೊಳಗೆ ವಾಸನೆ ಮತ್ತೆ ಹೋಯಿತು. ಈಗ ಸ್ಪ್ರೇ ಬಿಡದೆ ಹೊಡೆದು ಅರ್ಧ ತಿರುಗಿ ಬಂದಿದೆ. ಮೊದಲ ಮಳೆಯ ಮಣ್ಣಿನ ವಾಸನೆ ಇನ್ನೂ ಬಂದಿಲ್ಲ.

ಇಷ್ಟು ಪೆಟ್ಟು ತಿಂದ ಮೇಲೆ ಡಾಕ್ಟರರ ಕಡೆ ಕುಂತು ಕೇಳಿ ತಿಳಿದದ್ದು ಇಷ್ಟು. ವಾಸನೆ ಹಿಡಿಯುವ ಜಾಗ ಮೂಗಿನ ತೀರ ಮೇಲೆ, ಎರಡು ಕಣ್ಣಿನ ನಡುವೆ ಇದೆ. ಅಲ್ಲಿಂದ ನೂಲಿನಂಥ ನರಗಳು ಜರಡಿಯಂಥ ಎಲುಬಿನ ತೂತಿನಿಂದ ಮಿದುಳಿಗೆ ಹೋಗುತ್ತವೆ. ಗಾಳಿ ಅಲ್ಲಿಯ ತನಕ ಏರದಿದ್ದರೆ ವಾಸನೆ ಇಲ್ಲ. ಅಲ್ಲಿಗೆ ಹೋಗುವ ದಾರಿ ಕಟ್ಟಿದ್ದರೆ ಆಪರೇಶನ್ನಿನಿಂದ ದಾರಿ ಬಿಡಿಸಬಹುದು. ನರವೇ ಸತ್ತಿದ್ದರೆ ಎಷ್ಟು ಕೊಯ್ದರೂ ಬರುವುದಿಲ್ಲ. ಕಾಲುವೆಯ ಹೂಳು ತೆಗೆದರೆ ನೀರು ಬಂದೀತು; ಕೆರೆಯೇ ಬತ್ತಿದ್ದರೆ ಹೂಳು ತೆಗೆದು ಏನು ಮಾಡುವುದು? ನಮ್ಮ ಓಣಿಯ ಒಬ್ಬನಿಗೆ 2021ರ ಕೊರೋನಾದಲ್ಲಿ ವಾಸನೆ ಹೋಯಿತು. ಅವನು ಸೊಟ್ಟ ಗೋಡೆ ನೆಟ್ಟಗೆ ಮಾಡಿಸಿಕೊಂಡ. ಉಸಿರು ಸುಧಾರಿಸಿತು, ವಾಸನೆ ಬರಲಿಲ್ಲ. ಇವತ್ತಿಗೂ ಡಾಕ್ಟರರನ್ನು ಬೈಯುತ್ತಾನೆ. ಆ ಆಪರೇಶನ್ ಉಸಿರಿಗೆ, ವಾಸನೆಗಲ್ಲ ಅಂತ ಮೊದಲೇ ಒಂದು ಮಾತು ಅವನಿಗೆ ತಿಳಿಯುವಂಗೆ ಹೇಳಿದ್ದರೆ ಆ ಬೈಗಳು ಇರುತ್ತಿರಲಿಲ್ಲ. ಅಂಥವರಿಗೆ ಇನ್ನೊಂದು ದಾರಿ ಇದೆ: ಗುಲಾಬಿ, ಲಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ದಿನಕ್ಕೆ ಎರಡು ಸಲ ಮನಸ್ಸಿಟ್ಟು ಮೂಸುತ್ತ ಮೂರು ತಿಂಗಳಿಗಿಂತ ಹೆಚ್ಚು ರೂಢಿ ಮಾಡುವುದು. ಎಲ್ಲರಿಗೂ ಬರುವುದಿಲ್ಲ, ಕೆಲವರಿಗೆ ಬರುತ್ತದೆ. ಖರ್ಚೇನೂ ಇಲ್ಲ.

"ಹಂಗಾದ್ರ ಒಳಗಿಂದೆಲ್ಲಾ ಕೊಯ್ದು ಬಯಲು ಮಾಡಿಬಿಡ್ರಿ" ಅನ್ನುವ ಅವಸರದವರೂ ಇದ್ದಾರೆ. ಅದೂ ತಪ್ಪು. ಮೂಗಿನ ಒಳಗೆ ಎರಡೂ ಕಡೆ ಮಡಿಕೆ ಮಡಿಕೆಯಾಗಿರುವ ಮಾಂಸ ಗಾಳಿಯನ್ನು ಬಿಸಿ ಮಾಡುತ್ತದೆ, ಹಸಿ ಮಾಡುತ್ತದೆ, ಉಸಿರು ಹೋಗುವುದು ನಮಗೆ ತಿಳಿಯುವಂಗೆ ಮಾಡುತ್ತದೆ. ಅದನ್ನು ಹೆಚ್ಚಿಗೆ ಕೊಯ್ದ ಕೆಲವರಿಗೆ ಮೂಗು ತೆರೆದಿದ್ದರೂ ಉಸಿರು ಕಟ್ಟಿದಂಗೇ ಅನಿಸುತ್ತದೆ, ಒಳಗೆಲ್ಲ ಒಣಗಿ ಹಕ್ಕಳೆ ಕಟ್ಟುತ್ತದೆ. ಕೊಯ್ದದ್ದನ್ನು ತಿರುಗಿ ಹಚ್ಚಲಿಕ್ಕೆ ಬರುವುದಿಲ್ಲ.

ಮಾಸ್ತರಗಳೇ, ನಿಮಗೊಂದು ಮಾತು. ನಿಮ್ಮ ವರ್ಗದಲ್ಲಿ ಸದಾ ಬಾಯಿ ತೆರೆದು ಕುಂದರುವ, ಕರೆದರೆ ಕೇಳದ, ಮಧ್ಯಾಹ್ನ ತೂಕಡಿಸುವ ಹುಡುಗ ಇದ್ದಾನೆಯೇ? ಅವನನ್ನು ದಡ್ಡ ಅನ್ನುವ ಮೊದಲು ದವಾಖಾನೆಗೆ ಕಳಿಸಿರಿ. ಮಕ್ಕಳಿಗೆ ಮೂಗಿನ ಹಿಂದೆ ಒಂದು ಮಾಂಸದ ಗಡ್ಡೆ ಬೆಳೆಯುತ್ತದೆ, ಅಡಿನಾಯ್ಡ್ ಅನ್ನುತ್ತಾರೆ. ಅದು ದೊಡ್ಡದಾದರೆ ಮೂಗೂ ಕಟ್ಟುತ್ತದೆ, ಕಿವಿಯ ಒಳಗೆ ನೀರು ನಿಂತು ಕೇಳುವುದೂ ಕಮ್ಮಿಯಾಗುತ್ತದೆ. ರಾತ್ರಿ ನಿದ್ದೆ ಇಲ್ಲ. ಅಂಥ ಹುಡುಗನಿಗೆ ಛಡಿ ಏಟು ಕೊಟ್ಟರೆ ಮಗ್ಗಿ ಬಂದೀತೇ?

ಇನ್ನು ವಾಚನಾಲಯದವರಿಗೆ ನನ್ನ ಬೇಡಿಕೆ ಒಂದೇ. ದೊಡ್ಡ ಕನ್ನಡ ಅಕ್ಷರದಲ್ಲಿ ನಾಲ್ಕು ಪ್ರಶ್ನೆ ಗೋಡೆಗೆ ಬರೆಸಿರಿ. ಈ ಆಪರೇಶನ್ ಉಸಿರಿಗೋ, ವಾಸನೆಗೋ, ಎರಡಕ್ಕೋ? ಔಷಧಿಯಿಂದ ಮೊದಲು ನೋಡಬಹುದೋ? ಏನನ್ನು ಕೊಯ್ಯುತ್ತೀರಿ, ಏನನ್ನು ಉಳಿಸುತ್ತೀರಿ? ಆಮೇಲೆ ಎಷ್ಟು ದಿನ ಏನು ಹಾಕಬೇಕು? ಮಿರಜಕ್ಕೋ ಸೊಲ್ಲಾಪುರಕ್ಕೋ ವಿಜಯಪುರಕ್ಕೋ ಹೋಗುವವರು ಇದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಮೂರೂ ಭಾಷೆ ಬಲ್ಲ ಒಬ್ಬ ಹುಡುಗ ಜೊತೆಗೆ ಹೋಗಲಿ. ಉತ್ತರ ಕನ್ನಡದಲ್ಲಿ ತಿಳಿಯುವ ತನಕ ಸಹಿ ಮಾಡಬೇಡಿರಿ. ಡಾಕ್ಟರು ಸಿಟ್ಟಾದರೆ ಆಗಲಿ. ಮೂಗು ಅವರದಲ್ಲ.

ಗಡಿ ಆ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. ಕಚೇರಿ ಕಾಗದ ಯಾವ ಭಾಷೆಯಲ್ಲಿ ಬಂದರೂ ಸಹಿಸಿಕೊಂಡು ಬಂದಿದ್ದೇವೆ. ನಮ್ಮ ಮೈಯ ನೋವನ್ನಾದರೂ ನಮ್ಮ ಮಾತಿನಲ್ಲಿ ಹೇಳಿ, ನಮ್ಮ ಮಾತಿನಲ್ಲಿ ಉತ್ತರ ಕೇಳುವಂತಾಗಲಿ.

ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿರಿ. ಮನೆಗೆ ಹೋಗಿ ಒಂದು ಲವಂಗ ಮೂಗಿನ ಹತ್ತಿರ ಹಿಡಿದು ನೋಡಿರಿ. ವಾಸನೆ ಬಂದರೆ ಸಂತೋಷ. ಬರದಿದ್ದರೆ ನಾಳೆಯೇ ದವಾಖಾನೆಯ ದಾರಿ ಹಿಡಿಯಿರಿ, ಎಮ್ಮೆ ಸಾಯುವ ತನಕ ಕಾಯಬೇಡಿರಿ.