ಬ್ರಾಂಡ್ ಉಳಿಯಿತು, ಮಾಲಕತ್ವ ಹೋಯಿತು: ಬುಶ್ ಕುಟುಂಬದ ಲೆಕ್ಕಾಚಾರ

2023ರಲ್ಲಿ ಅಮೆರಿಕದಲ್ಲಿ ಬಡ್ ಲೈಟ್ ಬಿಯರಿನ ಬಹಿಷ್ಕಾರ ದೊಡ್ಡ ಸುದ್ದಿಯಾಗಿತ್ತು. ಟ್ರಾನ್ಸ್‌ಜೆಂಡರ್ ಕಲಾವಿದೆಯೊಬ್ಬರ ಜೊತೆ ಮಾಡಿದ ಪ್ರಚಾರವೇ ನೆಪ. 2001ರಿಂದ ಮಾರಾಟದಲ್ಲಿ ಮೊದಲ ಸ್ಥಾನದಲ್ಲಿದ್ದ ಬ್ರಾಂಡ್ ಕೆಲವೇ ವಾರಗಳಲ್ಲಿ ಮೊಡೆಲೊಗೆ ಜಾಗ ಬಿಟ್ಟುಕೊಟ್ಟಿತು. ತಮ್ಮ ದೇಶದ ಕಂಪೆನಿ ಹಾಳಾಯಿತು ಎಂದು ಬೊಬ್ಬೆ ಹಾಕಿದವರೂ ಇದ್ದರು. ಅಸಲಿಗೆ ಅದು ಅಮೆರಿಕದವರ ಕೈತಪ್ಪಿ ಆಗಲೇ 15 ವರ್ಷ ಆಗಿತ್ತು. ಮಾಲು ಬಿಯರ್ ಆದರೂ ಈ ಕಥೆಯನ್ನು ಕುಟುಂಬ ವ್ಯಾಪಾರ ಮಾಡುವ ಯಾರೂ ಓದಬಹುದು.

ಸೈಂಟ್ ಲೂಯಿಸ್ ನಗರದ ಎಬರ್‌ಹಾರ್ಡ್ ಅನ್‌ಹ್ಯೂಸರ್ ಸೋಪು ತಯಾರಿಸುತ್ತಿದ್ದವರು. ಸಾಲ ಕೊಟ್ಟಿದ್ದ ಒಂದು ಬಿಯರ್ ಕಾರ್ಖಾನೆ ಮುಳುಗಿದಾಗ, 1860ರಲ್ಲಿ ಅದನ್ನೇ ವಹಿಸಿಕೊಂಡರು. ಮರುವರ್ಷ ಅವರ ಮಗಳನ್ನು ಮದುವೆಯಾದ ಅಡಾಲ್ಫಸ್ ಬುಶ್ ಜರ್ಮನಿಯಿಂದ ಬಂದ ವಲಸಿಗ, 22 ಮಕ್ಕಳಲ್ಲಿ 21ನೆಯವರು. ಈ ಅಳಿಯನದ್ದು ಪಕ್ಕಾ ವ್ಯಾಪಾರಿ ತಲೆ. ಬಿಯರನ್ನು ಪಾಶ್ಚರೀಕರಿಸಿ, ರೈಲು ದಾರಿಯುದ್ದಕ್ಕೂ ಮಂಜುಗಡ್ಡೆ ಮನೆ ಕಟ್ಟಿಸಿ, ತಂಪು ಬೋಗಿಗಳಲ್ಲಿ ದೂರದೂರಿಗೆ ಕಳಿಸಿದರು. 1876ರಲ್ಲಿ ಬಡ್‌ವೈಸರ್ ಬಂತು.

ನಿಜವಾದ ಪರೀಕ್ಷೆ ಬಂದದ್ದು 1920ರಲ್ಲಿ. ದೇಶವಿಡೀ ಪಾನನಿಷೇಧ, ಅದೂ 13 ವರ್ಷ. ನೂರಾರು ಕಾರ್ಖಾನೆಗಳು ಬಾಗಿಲು ಹಾಕಿದವು. ಅಡಾಲ್ಫಸ್ ಅವರ ಮಗ ಮೊದಲನೇ ಆಗಸ್ಟ್ ಬುಶ್ ಐಸ್‌ಕ್ರೀಂ ಮಾರಿದರು, ಮಾಲ್ಟ್ ಸಿರಪ್ ಮಾರಿದರು, ಲಾರಿಗೆ ಬಾಡಿ ಕಟ್ಟಿಸಿದರು. ಬೇಕರಿಯವರಿಗೆ ಮಾರಿದ ಯೀಸ್ಟ್ ಅವರಿಗೆ ದೊಡ್ಡ ಆಸರೆಯಾಯಿತು. ಮಾಲು ನಿಂತರೂ ಯಂತ್ರ ನಿಲ್ಲಬಾರದು, ಅಷ್ಟೇ ಅವರ ಲೆಕ್ಕ.

ಇಷ್ಟೆಲ್ಲ ದಾಟಿ ಬಂದವರು 2008ರಲ್ಲಿ ಯಾಕೆ ಸೋತರು? ನಷ್ಟದಿಂದಂತೂ ಅಲ್ಲ, ಅಮೆರಿಕದ ಬಿಯರ್ ಮಾರುಕಟ್ಟೆಯ ಸುಮಾರು ಅರ್ಧಪಾಲು ಆಗಲೂ ಅವರದ್ದೇ. ಉತ್ತರ ಶೇರುಪಟ್ಟಿಯಲ್ಲಿದೆ. ತಲೆಮಾರು ಕಳೆದಂತೆ ಪಾಲು ಹಂಚಿಹೋಗಿ, ಇಡೀ ಕುಟುಂಬದ ಕೈಯಲ್ಲಿ ಉಳಿದದ್ದು ಶೇ. 4ರಷ್ಟು ಮಾತ್ರ. ವಾರೆನ್ ಬಫೆಟ್ ಕಂಪೆನಿಯ ಪಾಲೇ ಅದಕ್ಕಿಂತ ಹೆಚ್ಚಿತ್ತು. ಆದರೂ ಕುರ್ಚಿಯಲ್ಲಿ ಬುಶ್‌ಗಳೇ ಕೂತಿದ್ದರಿಂದ ಊರಿಗೆಲ್ಲ ಅವರೇ ಮಾಲಕರ ಹಾಗೆ ಕಾಣುತ್ತಿದ್ದರು! ಬಿಯರ್ ವ್ಯಾಪಾರದ ಇನ್ನೊಂದು ಮನೆತನ ಕೂರ್ಸ್, ಮತದ ಹಕ್ಕಿರುವ ಶೇರುಗಳನ್ನು ಬೇರೆಯೇ ಇಟ್ಟು ಹಿಡಿತ ಉಳಿಸಿಕೊಂಡಿದೆ. ಬುಶ್‌ಗಳಿಗೆ ಅಂಥ ಗೋಡೆ ಇರಲಿಲ್ಲ.

ಮನೆಯೊಳಗಿನ ಬಿರುಕೂ ಹಳೆಯದೇ. 1975ರಲ್ಲಿ ಮೂರನೇ ಆಗಸ್ಟ್ ಬುಶ್, ಆಡಳಿತ ಮಂಡಳಿಯನ್ನು ಜೊತೆಗಿಟ್ಟುಕೊಂಡು ಸ್ವಂತ ತಂದೆಯನ್ನೇ ಇಳಿಸಿದ್ದರು. ಬೆಲ್ಜಿಯಂ-ಬ್ರೆಜಿಲ್ ಮೂಲದ ಇನ್‌ಬೆವ್ ಶೇರಿಗೆ 65 ಡಾಲರ್ ದರ ಇಟ್ಟಾಗ, ಮುಖ್ಯಸ್ಥರಾಗಿದ್ದ ನಾಲ್ಕನೇ ಆಗಸ್ಟ್ ವಿರೋಧಿಸಿದರು. ಅವರ ಚಿಕ್ಕಪ್ಪನೇ ಮಾರಾಟದ ಪರ ಬಹಿರಂಗ ಪತ್ರ ಬರೆದರು. ಮನೆಯವರೇ ಎರಡು ಕಡೆಯಾದರೆ ಉಳಿದ ಶೇರುದಾರರು ಯಾರ ಮುಖ ನೋಡಬೇಕು? ದರ 70ಕ್ಕೆ ಏರಿತು, ಒಟ್ಟು 5,200 ಕೋಟಿ ಡಾಲರಿಗೆ ಕೈ ಬದಲಾಯಿತು. ಡಿಸೆಂಬರಿನಲ್ಲಿ 1,400 ಹುದ್ದೆ ಕಡಿತದ ಘೋಷಣೆಯಾಯಿತು, ಹೆಚ್ಚಿನವು ಸೈಂಟ್ ಲೂಯಿಸಿನವೇ. ಶೇರು ಮಾರಿದವರಿಗೆ ದುಡ್ಡು ಸಿಕ್ಕಿತು, ಕೆಲಸದವರಿಗೆ ನೋಟಿಸು.

2023ರ ಗಲಾಟೆಯಲ್ಲಿ ಅಡಾಲ್ಫಸ್ ಅವರ ಮರಿಮಗ ಬಿಲ್ಲಿ ಬುಶ್, ಬಡ್ ಲೈಟ್ ಮಾರುವುದಾದರೆ ಖರೀದಿಸಲು ತಾನೇ ಮೊದಲು ನಿಲ್ಲುವುದಾಗಿ ಹೇಳಿದರು. ಈಗಿನ ಮಾಲಕರು ಮಾರಲಿಲ್ಲ.