ಕಾಣದ ಅಕ್ಷರ, ಕೇಳದ ದೂರು

‘ಕನ್ನಡಕ್ಕೆ ಓದುಗರಿಲ್ಲ’ ಎಂಬ ಕೊರಗು ನಮ್ಮ ವೇದಿಕೆಗಳಿಗೆ ಹೊಸದಲ್ಲ. ನೀಲಗಿರಿಯಲ್ಲಿ ನಮ್ಮ ಮಕ್ಕಳ ಶಾಲಾಪಾಠ ತಮಿಳು, ಇಂಗ್ಲಿಷುಗಳಲ್ಲಿ ನಡೆಯುವುದರಿಂದ, ಕನ್ನಡವನ್ನು ಸರಾಗವಾಗಿ ಓದಬಲ್ಲವರು ಬಹುಮಟ್ಟಿಗೆ ಹಿರಿಯರೇ. ಅವರಲ್ಲಿ ಅನೇಕರು ಪುಸ್ತಕ ಮುಚ್ಚಿಟ್ಟದ್ದು ಅಭಿರುಚಿ ಬತ್ತಿದ್ದರಿಂದಲ್ಲ, ಅಕ್ಷರ ಕಾಣದ್ದರಿಂದ. ‘ಇನ್ನು ಕನ್ನಡಕದಿಂದ ಪ್ರಯೋಜನವಿಲ್ಲ’ ಎಂಬ ಮಾತನ್ನು ಅಂತಿಮ ತೀರ್ಪೆಂದು ನಂಬಿ ಅವರು ಸುಮ್ಮನಾಗಿದ್ದಾರೆ, ಅವರೊಡನೆ ನಾವೂ.

ಆ ತೀರ್ಪು ಒಪ್ಪತಕ್ಕದ್ದಲ್ಲ. ಮಂದದೃಷ್ಟಿ ಕುರುಡಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಎರಡನ್ನೂ ಬೇರ್ಪಡಿಸಿದೆ: ತಕ್ಕ ಕನ್ನಡಕ ಧರಿಸಿದ ಮೇಲೂ ಉತ್ತಮವಾದ ಕಣ್ಣಿನ ನೋಟ 6/18ಕ್ಕಿಂತ ಕುಗ್ಗಿ 3/60ರವರೆಗೆ ಇದ್ದರೆ ಅದು ಮಂದದೃಷ್ಟಿ. ಉಳಿದ ಆ ನೋಟದಿಂದಲೇ ಓದಿಸಬಹುದು. 10 ಡಯಾಪ್ಟರ್ ಮಸೂರವನ್ನು ಪುಟದಿಂದ 10 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅಕ್ಷರ ಸುಮಾರು ಎರಡೂವರೆ ಪಟ್ಟು ಹಿಗ್ಗುತ್ತದೆ. ಹಿಗ್ಗಿದಷ್ಟೂ ಒಮ್ಮೆಗೆ ಕಾಣುವ ಅಕ್ಷರಗಳು ಕಡಿಮೆ. ಸಾಲು ತಪ್ಪುತ್ತದೆ, ಕೈ ನಡುಗುತ್ತದೆ. ಆದ್ದರಿಂದ ಮಸೂರವನ್ನು ಸಂತೆಯ ಸಾಮಾನಿನಂತೆ ಕೊಂಡು ತಂದರೆ ಆಗದು. ಅಳೆದು ಕೊಡಬೇಕು, ಬಳಸಲು ಕಲಿಸಬೇಕು.

ಅಳೆಯುವುದಾದರೂ ಯಾವುದರಿಂದ? ಸ್ನೆಲೆನ್ 1862ರಲ್ಲಿ ರಚಿಸಿದ ಫಲಕದಲ್ಲಿಯೂ, ಮೆಲ್ಬರ್ನಿನ ಬೇಯ್ಲಿ ಮತ್ತು ಲವೀ 1976ರಲ್ಲಿ ಸಾಲಿಗೆ ಐದರಂತೆ ಜೋಡಿಸಿದ ಫಲಕದಲ್ಲಿಯೂ ಇರುವುದು ಬಿಡಿಬಿಡಿ ರೋಮನ್ ಅಕ್ಷರ. ಗೋಡೆಯ ಮೇಲಿನ ಒಂಟಿ ಅಕ್ಷರವನ್ನು ಗುರುತಿಸುವುದು ಬೇರೆ, ಕೈಯಲ್ಲಿರುವ ಪುಟವನ್ನು ಓದುವುದು ಬೇರೆ. ಕಷ್ಟಪಟ್ಟು ಗುರುತಿಸಲು ಸಾಲುವ ಗಾತ್ರ ಸರಾಗವಾದ ಓದಿಗೆ ಸಾಲದು. ಅದರ ಎರಡರಷ್ಟಾದರೂ ಬೇಕೆಂಬುದು ಸಂಶೋಧಕರು ಕಂಡುಕೊಂಡ ಸಂಗತಿ. ಇನ್ನು ನಮ್ಮ ಲಿಪಿ! ‘ರ’ ‘ಠ’ ಆಗುವುದು ಒಂದು ಚುಕ್ಕೆಯಿಂದ, ‘ಪ’ ‘ಷ’ ಆಗುವುದು ಒಳಗಿನ ಒಂದು ಗೆರೆಯಿಂದ. ಒತ್ತಕ್ಷರವಂತೂ ಸಾಲಿನಡಿ ಮುದುಡಿ ಕುಳಿತಿರುತ್ತದೆ. ಗೂಡಲೂರಿನ ಅಜ್ಜಿಗೆ ಅನ್ಯಲಿಪಿಯ ಚೀಟಿ ಕೊಟ್ಟು ಓದಿಸಿದಾಗ ಆಕೆ ತಡವರಿಸಿದರೆ, ಅದು ಕಣ್ಣಿನ ದೋಷವೋ ಲಿಪಿಯ ಅಪರಿಚಯವೋ? ಕನ್ನಡ ಬಲ್ಲವರ ಓದನ್ನು ಕನ್ನಡ ವಾಕ್ಯಗಳಿಂದಲೇ ಅಳೆಯಬೇಕೆಂದು ಸಂಘವು ಒತ್ತಾಯಿಸಬೇಕಿತ್ತು. ಒತ್ತಾಯಿಸಲಿಲ್ಲ.

ಕಣ್ಣಿನ ಶಿಬಿರಗಳನ್ನು ನಡೆಸುತ್ತೇವೆ, ನಿಜ. ಪೊರೆಯ ಶಸ್ತ್ರಚಿಕಿತ್ಸೆ ಪುಣ್ಯಕಾರ್ಯವೇ. ಆದರೆ ಗ್ಲಾಕೋಮಾದಿಂದಲೋ ಅಕ್ಷಿಪಟಲದ ಕ್ಷಯದಿಂದಲೋ ಕಳೆದ ನೋಟವನ್ನು ಆ ಶಸ್ತ್ರಚಿಕಿತ್ಸೆ ಮರಳಿಸದು. ಅಂಥವರು ಶಿಬಿರದ ಲೆಕ್ಕಕ್ಕೂ ಸೇರುವುದಿಲ್ಲ, ಛಾಯಾಚಿತ್ರಕ್ಕೂ ಸೇರುವುದಿಲ್ಲ. ಸ್ಮರಣ ಸಂಚಿಕೆಗಳನ್ನೇ ನೋಡಿ: ಜಾಹೀರಾತಿಗೆ ದಪ್ಪಕ್ಷರ, ಕವಿತೆಗೆ ಇರುವೆಸಾಲು, ಅದೂ ಬಣ್ಣದ ಬೆಟ್ಟದ ಚಿತ್ರದ ಮೇಲೆ. ಬಿಳಿಯ ಮೇಲೆ ಕಪ್ಪು ಎಂಬ ಹಳೆಯ ಮುದ್ರಕರ ವಿವೇಕ ಎಲ್ಲಿ ಹೋಯಿತೋ!

ಮಸಿನಗುಡಿಯ ಹಿರಿಯರು ಕಲ್ಲಟ್ಟಿಯ 36 ತಿರುವುಗಳನ್ನು ಹತ್ತಿ ಉದಕಮಂಡಲಕ್ಕೆ ಬರುವುದೇ ಇಂಥ ಸಮಾವೇಶಕ್ಕೆ. ಮುಂದಿನ ಸಲ ಸಭಾಂಗಣದಲ್ಲಿ ಒಂದು ಮೇಜು, ಒಳ್ಳೆಯ ದೀಪ, ಬಗೆಬಗೆಯ ಮಸೂರಗಳು, ಕನ್ನಡ ಪಾಠ, ಅಳೆದು ಹೇಳಬಲ್ಲ ಒಬ್ಬ ದೃಷ್ಟಿಪರೀಕ್ಷಕರು ಇರಲಿ. ಖರ್ಚನ್ನು ಹಾರ-ಶಾಲುಗಳ ಬಾಬಿನಿಂದ ತೆಗೆಯಬಹುದು.