ಅಪ್ಪಂದಿರಿಗೆ ಬೇರೆ ಪಕ್ಷ ಬೇಡ, ಕೇಳಲು ಮೂರು ಪ್ರಶ್ನೆ ಸಾಕು

ಚುನಾವಣೆ ಬಂತೆಂದರೆ ನಮ್ಮ ಚಿಕ್ಕೇರೂರಿನ ಕಟ್ಟೆ ಮೇಲೆ ಯಾವ ಮಾತು ನಡೆಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ರಸ್ತೆ, ಕೆರೆ ನೀರು, ಬೆಳೆ ವಿಮೆ, ಗೋವಿನಜೋಳದ ದರ. ಗಂಡ ಹೆಂಡತಿ ಬೇರೆಯಾದ ಮೇಲೆ ಮಗುವಿನ ಮುಖ ನೋಡಲು ಕೋರ್ಟಿಗೆ ಅಲೆಯುವ ಅಪ್ಪನ ಮಾತು ಅಲ್ಲಿ ಬರುವುದಿಲ್ಲ. ಅದು ‘ಅವರ ಮನೆ ವಿಷಯ’. ಹಿರಿಯರು ಕೂತು ನ್ಯಾಯ ಮಾಡುವಾಗಲೂ ಬಂಗಾರದ ಲೆಕ್ಕ, ಮದುವೆ ಖರ್ಚಿನ ಲೆಕ್ಕ ಮೊದಲು. ಕೂಸು ಎಲ್ಲಿರಬೇಕು ಎಂಬುದು ಕೊನೆಗೆ.

ನನ್ನ ಪ್ರಕಾರ ಇದು ಬರೀ ಮನೆ ವಿಷಯ ಅಲ್ಲ, ಓಟಿನ ವಿಷಯ. ಯಾಕೆಂದರೆ ಮಗು ಯಾರ ಹತ್ತಿರ ಇರಬೇಕು ಎಂಬ ಕಾನೂನು ಮಾಡುವವರು ನಾವು ಆರಿಸಿ ಕಳಿಸಿದವರೇ.

ಹಾಗಾದರೆ ಅಪ್ಪಂದಿರು ತಾವೇ ಚುನಾವಣೆಗೆ ನಿಲ್ಲಬೇಕೇ? ನಿಂತು ನೋಡಿದವರಿದ್ದಾರೆ. ಉತ್ತರ ಪ್ರದೇಶದಲ್ಲಿ ಗಂಡಸರ ಹಕ್ಕಿಗಾಗಿಯೇ ‘ಮರ್ದ್’ ಎಂಬ ಪಕ್ಷ ಕಟ್ಟಿ 2019ರ ಲೋಕಸಭೆ ಚುನಾವಣೆಗೆ ಇಳಿದರು, ಗೆಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ಬಾಬಿ ಸ್ಮಿತ್ ಎಂಬ ತಂದೆ, ತನ್ನ ಹೆಣ್ಣುಮಕ್ಕಳನ್ನು ನೋಡಲು ಬಿಡುತ್ತಿಲ್ಲ ಎಂದು, ಮಕ್ಕಳ ಟಿವಿ ಗೊಂಬೆ ಎಲ್ಮೋನ ಕೆಂಪು ವೇಷ ಹಾಕಿ 2017ರಲ್ಲಿ ಪ್ರಧಾನಿ ತೆರೇಸಾ ಮೇ ಎದುರೇ ನಿಂತರು. ಅಲ್ಲಿ ನಾಮಪತ್ರಕ್ಕೆ 10 ಮತದಾರರ ಸಹಿ ಬೇಕು. ಅವರಿಗೆ ಬಿದ್ದ ಓಟು 3!

ನಕ್ಕು ಸುಮ್ಮನಾಗಬೇಡಿ. ಆಸ್ಟ್ರೇಲಿಯಾದ ಕಥೆಯೂ ಕೇಳಿ. ಅಲ್ಲಿಯೂ ಇಂಥ ಪೋಷಕರ ಸಣ್ಣ ಪಕ್ಷವೊಂದಿತ್ತು. ಆದರೆ ಕಾನೂನು ಬದಲಾಗಿದ್ದು ದೊಡ್ಡ ಪಕ್ಷದ ಸರ್ಕಾರ ಕಿವಿಗೊಟ್ಟಾಗ. 2003ರಲ್ಲಿ ಸಂಸದೀಯ ಸಮಿತಿ ವಿಚಾರಣೆ ನಡೆಸಿತು, 2006ರಲ್ಲಿ ತಂದೆ ತಾಯಿ ಇಬ್ಬರಿಗೂ ಸಮಾನ ಜವಾಬ್ದಾರಿ ಎಂಬ ತಿದ್ದುಪಡಿ ಬಂತು. ಜನ ಅದನ್ನು ‘ಅರ್ಧರ್ಧ ದಿನ’ ಎಂದು ತಪ್ಪು ತಿಳಿದರು. ಹೊಡೆತ ಬಡಿತ ಇದ್ದ ಮನೆಗಳ ತಾಯಂದಿರು, ಮಕ್ಕಳ ಸುರಕ್ಷತೆಯ ಪ್ರಶ್ನೆಯೂ ಎದ್ದಿತು. ಕೊನೆಗೆ 2023ರಲ್ಲಿ ಆ ನಿಯಮವನ್ನೇ ತೆಗೆದರು. ಅಪ್ಪನ ಹಕ್ಕು ಮಗುವಿನ ಹಿತ ಬಿಟ್ಟು ನಿಲ್ಲುವುದಿಲ್ಲ ಎಂಬುದು ಇದರಿಂದ ಕಲಿಯಬೇಕಾದ ಪಾಠ.

ನಮ್ಮಲ್ಲಿ ಹೇಗಿದೆ? ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಕಾನೂನಿನಲ್ಲಿ ಮಗುವಿನ ಸಹಜ ಪಾಲಕ ಮೊದಲು ತಂದೆ, ನಂತರ ತಾಯಿ. 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ತೀರ್ಪು ಕೊಡುವಾಗ ಮಾತ್ರ ಕೋರ್ಟು ನೋಡುವುದು ಮಗುವಿನ ಹಿತವನ್ನು. ಅಂದರೆ ಕಾಗದದ ಮೇಲೆ ಅಪ್ಪನೇ ಮೊದಲು, ಆದರೂ ಮಗುವಿನ ದಿನದ ಬದುಕಿನಲ್ಲಿ ಅಪ್ಪನಿಗೆ ಎಷ್ಟು ಜಾಗ ಎಂಬುದಕ್ಕೆ ಖಚಿತ ನಿಯಮವಿಲ್ಲ. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ವರ್ಷದ ಮೊದಲ ಆರು ತಿಂಗಳು ಮಗು ತಂದೆ ಹತ್ತಿರ, ಉಳಿದ ಆರು ತಿಂಗಳು ತಾಯಿ ಹತ್ತಿರ ಎಂದು ಆದೇಶಿಸಿತ್ತು. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ತಂದೆ ತಾಯಿ ಇಬ್ಬರೂ ಸಮಾನ ಪಾಲಕರಾಗಲಿ, ಜಂಟಿ ಪಾಲನೆಗೆ ಅವಕಾಶ ಇರಲಿ ಎಂದು ಶಿಫಾರಸು ಮಾಡಿತು. ಅದು ಇನ್ನೂ ಕಾನೂನಾಗಿಲ್ಲ.

ಹಾಗಾಗಿ ಮುಂದಿನ ಸಲ ಓಟು ಕೇಳಲು ಬಂದವರಿಗೆ, ಯಾವ ಪಕ್ಷದವರೇ ಇರಲಿ, ಈ ಮೂರು ಪ್ರಶ್ನೆ ಕೇಳಿ.

ಒಂದು, ಹಾವೇರಿ ಲೋಕಸಭೆ ಅಭ್ಯರ್ಥಿಗೆ: 257ನೇ ವರದಿ ಬಗ್ಗೆ ಸಂಸತ್ತಿನಲ್ಲಿ ಮಾತಾಡುತ್ತೀರಾ?

ಎರಡು, ಹಿರೇಕೆರೂರು ವಿಧಾನಸಭೆ ಅಭ್ಯರ್ಥಿಗೆ: ಮದುವೆ, ವಿಚ್ಛೇದನ, ಅಪ್ರಾಪ್ತರ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯವೂ ಕಾನೂನು ಮಾಡಬಹುದು. ‘ಅದು ದಿಲ್ಲಿ ವಿಷಯ’ ಎನ್ನುವಂತಿಲ್ಲ. ವಕೀಲರು, ಕಕ್ಷಿದಾರರ ಗದ್ದಲದ ನಡುವೆ ಅಲ್ಲದೆ, ಮಗು ಹೆದರದೆ ಅಪ್ಪನನ್ನೋ ಅವ್ವನನ್ನೋ ಭೇಟಿಯಾಗುವ ಒಂದು ಕೋಣೆ ತಾಲೂಕಿಗೆ ತರುತ್ತೀರಾ?

ಮೂರು, ಇಬ್ಬರಿಗೂ: ಸರ್ಕಾರಿ ನೌಕರ ತಂದೆಯಾದರೆ 15 ದಿನ ರಜೆ. ಖಾಸಗಿಯಲ್ಲಿ ದುಡಿಯುವ ಚಾಲಕ, ಅಂಗಡಿ ಕೆಲಸದವನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಬಾಣಂತಿ ಪಕ್ಕದಲ್ಲಿ ನಿಲ್ಲುವ ಹಕ್ಕು ಅವನಿಗೆ ಬೇಡವೇ?

ಅಪ್ಪಂದಿರಿಗೂ ಒಂದು ಮಾತು. ಜೀವನಾಂಶ ಕಟ್ಟದೆ, ಮಗುವಿನ ಶಾಲೆಯ ಬಾಗಿಲು ತುಳಿಯದೆ, ಹೆಂಡತಿ ಮೇಲಿನ ಸಿಟ್ಟಿಗೆ ಮಗುವನ್ನು ಕೇಳಿದರೆ ನಿಮ್ಮ ಪರ ಯಾರೂ ಮಾತಾಡುವುದಿಲ್ಲ, ಮಾತಾಡಲೂ ಬಾರದು. ಕಟ್ಟಬೇಕಾದ್ದು ಕಟ್ಟಿ, ಹೊರಬೇಕಾದ್ದು ಹೊತ್ತು ಕೇಳಿದರೆ ಊರಿನ ಅವ್ವಂದಿರೂ ನಿಮ್ಮ ಜೊತೆ ನಿಲ್ಲುತ್ತಾರೆ. ಅವರ ಓಟು ಸೇರಿದರೆ ಯಾವ ಅಭ್ಯರ್ಥಿಯೂ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲಾರ.